ಪ್ರಾರ್ಥನೆಯಲ್ಲಿ ಅಂದ ಮಾತು

ಜುಲೈ ೧೪, ಭಾನುವಾರ

ನನ್ನ ಮುದ್ದಿನ ಚಿಕ್ಕೂಗೆ,

ಅಕ್ಕನ ತುಂಬು ಪ್ರೀತಿ. ನಿನ್ನ ಎರಡು ಪತ್ರ ಬಂದು ಕೂತಿವೆ, ಒಂದಕ್ಕೂ ಉತ್ತರ ಬರೆದಿಲ್ಲ. ಕೋಪ ಮಾಡಿಕೊಳ್ಳಬೇಡ ತಂಗಿ. ಬರೆಯಲು ಕೂತಾಗಲೆಲ್ಲ ‘ನಾವು ಕ್ಷೇಮ’ ಎಂಬ ಮೊದಲ ಸಾಲೇ ಸುಳ್ಳಾಗುತ್ತಿತ್ತು. ಇವತ್ತು ಚರ್ಚಿನಲ್ಲಿ ಆರಾಧನೆ ಮುಗಿಸಿ ಬಂದವಳು ಪಾತ್ರೆಗಳನ್ನು ಹಾಗೇ ಬಿಟ್ಟು ಬರೆಯುತ್ತಿದ್ದೇನೆ. ನಿನ್ನ ಮಗಳ ಕೆಮ್ಮು ಹೇಗಿದೆ? ಇಲ್ಲಿ ನಿನ್ನ ಭಾವನಿಗೆ ಕೈತುಂಬ ಕೆಲಸ. ಸುಟ್ಟುಹೋದ ಮೋಟಾರುಗಳು ಅಂಗಡಿಯ ಬಾಗಿಲವರೆಗೂ ಸಾಲುಗಟ್ಟಿವೆ. ಮನೆಯೆಲ್ಲ ವಾರ್ನಿಷ್ ವಾಸನೆ. ತಾಮ್ರದ ತಂತಿಯ ಚೂರು ನನ್ನ ಕಾಲಿಗೆ ಚುಚ್ಚುವುದಂತೂ ತಪ್ಪಿಲ್ಲ.

“ಭಾವ ಸಭೆ ಬಿಟ್ಟರಂತೆ, ನಿಜವಾ?” ಎಂದು ಕೇಳಿದ್ದೀಯ. ಯಾರೋ ಉಪ್ಪುಖಾರ ಹಚ್ಚಿ ನಿನ್ನ ಕಿವಿಗೆ ಹಾಕಿದ್ದಾರೆ. ನಡೆದದ್ದನ್ನು ನನ್ನಿಂದಲೇ ಕೇಳು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ನರ್ಸಮ್ಮ ಇದ್ದಾಳೆ. ಮದುವೆಯಾಗಿಲ್ಲ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡಿದ್ದಾಳೆ, ನಮ್ಮ ಸಭೆಯಲ್ಲೇ ಹಾಡುತ್ತಾಳೆ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಬಸ್ಸಿರುವುದಿಲ್ಲ. ಆಂಬ್ಯುಲೆನ್ಸ್ ಓಡಿಸುವವನು ತನ್ನ ಸ್ಕೂಟರಿನಲ್ಲಿ ಅವಳನ್ನು ಮನೆಗೆ ಬಿಟ್ಟು ಹೋಗುತ್ತಾನೆ. ನಿನ್ನ ಭಾವ ಅದನ್ನು ಕಿಟಕಿಯಿಂದ ನೋಡಿದರು. ಅವಳನ್ನು ಒಂದು ಮಾತೂ ಕೇಳಲಿಲ್ಲ. ಆ ಭಾನುವಾರ ಪ್ರಸಂಗ ಮಾಡುವ ಸರದಿ ಇವರದಿತ್ತು. ಅದನ್ನು ಮುಗಿಸಿ, ಕೈ ಎತ್ತಿ, ಕಣ್ಣು ಮುಚ್ಚಿ ಪ್ರಾರ್ಥಿಸಿದರು: “ಕರ್ತನೇ, ಕತ್ತಲು ಹರಿಯುವ ಮೊದಲು ಯಾವನದೋ ಸ್ಕೂಟರಿನಿಂದ ಇಳಿದು, ಅದೇ ಬಾಯಲ್ಲಿ ನಿನ್ನ ಸ್ತುತಿ ಹಾಡುವ ನಿನ್ನ ಮಗಳನ್ನು ಕ್ಷಮಿಸು.”

ಮುಚ್ಚಿದ್ದ ಕಣ್ಣುಗಳೆಲ್ಲ ತೆರೆದವು. ನರ್ಸಮ್ಮ ಹಾಡಿನ ಪುಸ್ತಕವನ್ನು ಸದ್ದಾಗದಂತೆ ಬೆಂಚಿನ ಮೇಲಿಟ್ಟು ಎದ್ದು ಹೋದಳು. ಇವರು ಮಾತ್ರ ಕಣ್ಣು ಬಿಡದೆ ಆಮೆನ್ ಅಂದರು.

ನಮ್ಮ ಸಭಾಪಾಲಕರು ಇನ್ನೂ ಹುಡುಗುಮುಖದವರು. ಮೊದಲು ಒಬ್ಬರೇ ಅಂಗಡಿಗೆ ಬಂದರು. ಇವರು ಮೋಟಾರಿನ ಸುರುಳಿ ಸುತ್ತುತ್ತಲೇ ಇದ್ದರು.

“ನಾನು ದೇವರ ಹತ್ರ ಮಾತಾಡಿದ್ದು ಸ್ವಾಮಿ. ಪ್ರಾರ್ಥನೆಗೂ ನಿಮ್ಮ ಅಪ್ಪಣೆ ಬೇಕಾ?”

“ದೇವರ ಹತ್ರ ಮಾತಾಡೋಕೆ ಮೈಕು ಬೇಕಿರಲಿಲ್ಲ, ಹಿರಿಯರೇ,” ಅಂದರು ಪಾಲಕರು.

ಆಮೇಲೆ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಇವರು ಕುರ್ಚಿಯನ್ನೂ ಕೊಡಲಿಲ್ಲ. ಕೊನೆಗೆ ವಿಷಯ ಸಭಾ ಸಮಿತಿಯ ಮುಂದೆ ಹೋಯಿತು. ಅಲ್ಲಿ ಇವರು, “ನಾನು ಯಾರನ್ನೂ ಮನಸ್ಸಲ್ಲಿಟ್ಟುಕೊಂಡು ಹೇಳಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಅವಳ್ಯಾಕೆ ಹೆಗಲು ಮುಟ್ಟಿ ನೋಡ್ಕೋಬೇಕು?” ಅಂದುಬಿಟ್ಟರು. ಕೆಲವರು ತಲೆಯಾಡಿಸಿದರು. ನರ್ಸಮ್ಮ ಮೂಲೆಯ ಕುರ್ಚಿಯಲ್ಲಿ ಸೆರಗಿನ ತುದಿ ಹಿಡಿದು ಕೂತಿದ್ದಳು. ಇನ್ನೊಂದು ಗಳಿಗೆ ಹೋಗಿದ್ದರೆ ತಪ್ಪೆಲ್ಲ ಅವಳದೇ ಆಗುತ್ತಿತ್ತು.

ಚಿಕ್ಕೂ, ಆ ಶನಿವಾರ ಊಟಕ್ಕೆ ಕೂತಾಗ ಇವರು ಆ ಪ್ರಾರ್ಥನೆಯನ್ನು ನನ್ನ ಮುಂದೆ ಹೇಳಿ ನೋಡಿದ್ದರು. “ಹೇಗಿದೆ? ನಾಳೆ ಅವಳಿಗೆ ನಾಟಬೇಕು,” ಅಂದಿದ್ದರು. “ಬೇಡಾ ರೀ, ಹೋಗಿ ಅವಳನ್ನೇ ಕೇಳಿ,” ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ನಾನು ಎದ್ದು ನಿಂತೆ. “ಅವಳನ್ನೇ ಅಂದದ್ದು. ಹಿಂದಿನ ದಿನ ಊಟಕ್ಕೆ ಕೂತಾಗ ನನ್ನ ಹತ್ರ ಹೇಳಿದ್ರು,” ಅಂದೆ. ಇವರು ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ.

ಶಿಸ್ತು ಕ್ರಮ ಆಯಿತು. ಅವಳ ಕ್ಷಮೆಯನ್ನು ಎಲ್ಲರ ಮುಂದೆ ಕೇಳುವವರೆಗೂ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸದಲ್ಲಿ ಪಾಲಿಲ್ಲ, ಸಮಿತಿ ಒಪ್ಪುವವರೆಗೂ ಪ್ರಸಂಗ ಮಾಡುವಂತಿಲ್ಲ. “ಇದು ಹೊರಗೆ ಹಾಕೋದಲ್ಲ, ಒಳಗೆ ಕರ್ಕೊಳ್ಳೋ ದಾರಿ,” ಅಂದರು ಪಾಲಕರು. ನನಗೆ ಆಗ ಎದೆಯುಬ್ಬಿತ್ತು, ಸತ್ಯ ಹೇಳಿದವಳು ನಾನೊಬ್ಬಳೇ ಎಂದು. ಅವರಿಗೆ ಅದು ಕಂಡಿತೋ ಏನೋ, ಮೆಟ್ಟಿಲ ಬಳಿ ನಿಲ್ಲಿಸಿ, “ಅಮ್ಮಾ, ಹೇಳ್ಬೇಕಾದ್ದನ್ನ ಹೇಳಿದ್ರಿ. ಇನ್ನು ಅದನ್ನ ಪದಕದ ಹಾಗೆ ಕೊರಳಿಗೆ ಹಾಕ್ಕೊಂಡು ಓಡಾಡಬೇಡಿ,” ಅಂದರು. ನನ್ನ ಮುಖ ಸುಟ್ಟುಹೋದಂತಾಯಿತು. ಮನೆಗೆ ಬಂದು ಮೊಣಕಾಲೂರಿದೆ. ಇವರಿಗಿಂತ ನಾನು ಮೇಲು ಎಂಬ ಭಾವನೆಯನ್ನು ಅವತ್ತು ದೇವರ ಪಾದದಲ್ಲಿ ಇಳಿಸಿದೆ. ಅದು ಮತ್ತೆ ಮತ್ತೆ ಎದ್ದು ಬರುತ್ತದೆ, ಮತ್ತೆ ಮತ್ತೆ ಇಳಿಸುತ್ತೇನೆ.

ಮುಂದಿನ ಭಾನುವಾರವೇ ಇವರು ಪೇಟೆಯ ಆಚೆ ಬದಿಯ ಇನ್ನೊಂದು ಸಭೆಗೆ ಹೊರಟರು. ಮಾತುಗಾರ ಸಿಕ್ಕಿದನೆಂದು ಅಲ್ಲಿಯವರಿಗೂ ಖುಷಿ. “ಬರ್ತೀಯೋ ಇಲ್ವೋ?” ಅಂದರು ಇವರು ಬಾಗಿಲಲ್ಲಿ ನಿಂತು.

“ಇಲ್ಲ. ನಾನು ನನ್ನ ಜಾಗದಲ್ಲೇ ಕೂತಿರ್ತೀನಿ. ನೀವು ಬಂದಾಗ ಪಕ್ಕದಲ್ಲಿ ಜಾಗ ಇರುತ್ತೆ.”

ವಾರಗಟ್ಟಲೆ ಒಬ್ಬಳೇ ಕೂತೆ ತಂಗಿ. ಗಂಡನನ್ನು ಹಿಡಿದುಕೊಟ್ಟವಳು ಎಂದು ಬಾಗಿಲಲ್ಲೇ ಪಿಸುಗುಟ್ಟಿದರು. ಒಬ್ಬಾಕೆ, “ನೀನೂ ಹೋಗಿಬಿಡಮ್ಮ, ಮನೆ ಒಡೀಬಾರ್ದು,” ಅಂದಳು. ನಾನು ಕದಲಲಿಲ್ಲ. ನಾನೂ ಎದ್ದರೆ ಇವರು ಹಿಂದಿರುಗಲು ಗುರುತಿನ ಒಂದು ಮುಖವೂ ಇರುವುದಿಲ್ಲ ಅನ್ನಿಸಿತ್ತು.

ಆಮೇಲಾದದ್ದನ್ನು, ಅವತ್ತು ಇವರ ಜೊತೆ ಅಲ್ಲಿಗೆ ಹೋಗಿದ್ದ ನಮ್ಮ ಮಗನಿಂದ ಕೇಳಿದೆ. ಆ ಹೊಸ ಸಭೆಯವರು ಇವರ ಕೈಗೆ ಮೈಕು ಕೊಟ್ಟು, ಹಳೆಯ ಸಭೆಯಲ್ಲಿ ಆದ ಅನ್ಯಾಯವನ್ನು ಸಾಕ್ಷಿಯಾಗಿ ಹೇಳಿ ಅಂದರಂತೆ. ಇವರು ಶುರು ಮಾಡಿದರಂತೆ. ‘ಒಬ್ಬ ಹೆಂಗಸಿನ ದೆಸೆಯಿಂದ’ ಎನ್ನುವಷ್ಟರಲ್ಲಿ ಮುಂದಿನ ಸಾಲಿನ ಒಂದು ಹುಡುಗಿ, ತನ್ನನ್ನೇ ಅಂದಂತೆ, ತಲೆ ತಗ್ಗಿಸಿದಳಂತೆ. ಇವರ ಮಾತು ಅಲ್ಲೇ ನಿಂತಿತು. ಮೈಕನ್ನು ಕೆಳಗಿಟ್ಟು ಹೊರಗೆ ಬಂದುಬಿಟ್ಟರಂತೆ.

ಅದೇ ಸಂಜೆ ಇವರು ನರ್ಸಮ್ಮನ ಮನೆಯ ಬಾಗಿಲು ತಟ್ಟಿದರು. ನಾನು ನಮ್ಮ ಜಗುಲಿಯಿಂದ ನೋಡುತ್ತಿದ್ದೆ. ಅವಳು ಬಾಗಿಲನ್ನು ಅರ್ಧವೇ ತೆರೆದಳು. ಏನಂದಳೆಂದು ಮಾರನೆಯ ದಿನ ಅವಳೇ ಹೇಳಿದಳು: “ಅಣ್ಣಾ, ಇಲ್ಲಿ ಬಂದು ಗುಟ್ಟಾಗಿ ಕೇಳಬೇಡಿ. ಎಲ್ಲರ ಮುಂದೆ ಅಂದ್ರಿ, ಎಲ್ಲರ ಮುಂದೆ ಹೇಳಿ.”

ಇವತ್ತು ಹೇಳಿದರು. ವೇದಿಕೆ ಹತ್ತಲಿಲ್ಲ, ಮೈಕು ಮುಟ್ಟಲಿಲ್ಲ, ಕೆಳಗೆ ಎಲ್ಲರ ನಡುವೆ ನಿಂತರು. ಗಂಟೆಗಟ್ಟಲೆ ನೀರು ಕುಡಿದಂತೆ ಮಾತಾಡುವ ಮನುಷ್ಯ ಇವತ್ತು ಒಂದೊಂದು ಮಾತಿಗೂ ತಡವರಿಸಿದರು. “ನಾನು ಈ ತಂಗಿಯ ಮಾನ ಕಳೆದೆ. ಅದಕ್ಕೆ ಪ್ರಾರ್ಥನೆ ಅಂತ ಹೆಸರಿಟ್ಟೆ. ಸಮಿತಿ ಮುಂದೆ ಸುಳ್ಳೂ ಹೇಳಿದೆ. ದೇವರ ಹೆಸರಲ್ಲಿ ನನ್ನ ಕೋಪ ತೀರಿಸ್ಕೊಂಡೆ. ನನ್ನ ಕ್ಷಮಿಸಮ್ಮ.”

ನರ್ಸಮ್ಮ ಎದ್ದಳು. “ಕೇಳಿಸ್ಕೊಂಡೆ ಅಣ್ಣಾ. ಕ್ಷಮಿಸ್ತೀನಿ ಅಂತ ಬಾಯಿಮಾತಿಗೆ ಅನ್ನಲ್ಲ, ಸ್ವಲ್ಪ ಸಮಯ ಕೊಡಿ,” ಎಂದು ಕೂತಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ. ಪಾಲಕರು, “ಹಿರಿಯರು ನಮ್ಮವರು. ಮುಂದಿನ ಸಲ ಭೋಜನಕ್ಕೆ ನಮ್ಮ ಜೊತೆ ಬರ್ತಾರೆ. ಪ್ರಸಂಗದ ಮಾತು ಈಗ ಬೇಡ,” ಅಂದರು. ಇವರು, “ಆಗಲಿ,” ಅಂದರು, ಅಷ್ಟೆ. ಗುರುಗುಟ್ಟಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಆ ‘ಆಗಲಿ’ಯನ್ನು ಇವರ ಬಾಯಲ್ಲಿ ನಾನು ಕೇಳಿರಲಿಲ್ಲ.

ಇಷ್ಟು ತಂಗಿ. ಯಾರಾದರೂ ಕೇಳಿದರೆ, ಭಾವ ಸಭೆ ಬಿಟ್ಟು ಹೋಗಿದ್ದು ನಿಜ, ತಲೆ ತಗ್ಗಿಸಿ ಹಿಂದಿರುಗಿದ್ದೂ ನಿಜ ಅನ್ನು. ಎರಡನ್ನೂ ಹೇಳು. ನಿನ್ನ ಮನೆಯವರಿಗೂ ಮಗುವಿಗೂ ಕರ್ತನು ಆರೋಗ್ಯ ಕೊಡಲಿ, ನಿನ್ನ ಬಾಗಿಲಿಗೆ ಸಮಾಧಾನ ಬರಲಿ.

ನಿನ್ನನ್ನು ಸದಾ ನೆನೆಯುವ,
ಅಕ್ಕ

ತಾ.ಕ.: ನಿನಗಲ್ಲದೆ ಇನ್ನಾರಿಗೂ ಹೇಳಲಾರೆ. ಅವತ್ತು ಬಾಗಿಲಲ್ಲಿ ‘ಬರ್ತೀಯೋ ಇಲ್ವೋ’ ಅಂದದ್ದೇ ಕೊನೆ, ಆಮೇಲೆ ಇವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಇವತ್ತು ಊಟಕ್ಕೆ ಮೊದಲು ಗಟ್ಟಿಯಾಗಿ ಪ್ರಾರ್ಥಿಸಿದರು. ಮಗನಿಗಾಗಿ ಬೇಡಿದರು, ಸೊಸೆಗಾಗಿ, ನಿನಗಾಗಿ, ಸಭಾಪಾಲಕರಿಗಾಗಿ. ನರ್ಸಮ್ಮನಿಗಾಗಿಯೂ ಬೇಡಿದರು. ನನ್ನ ಹೆಸರು ಬರಲಿಲ್ಲ. ಸಮಿತಿ ನಾಳೆ ಮತ್ತೆ ಸೇರಿದರೂ ನಾನು ಹೇಳುವುದು ಅವತ್ತು ಹೇಳಿದ್ದನ್ನೇ, ಚಿಕ್ಕೂ. ಆಮೆನ್ ಅಂದೆ, ಅನ್ನ ಬಡಿಸಿದೆ.