ಬಲಗೆನ್ನೆಯ ಮಚ್ಚೆ

ಸ್ಟುಡಿಯೋ ಮೇಲಿನ ಮನೆ,
ಗುರುವಾರ, ಮಾರ್ಚ್ 12

ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ಚಳಿಗೆ ಬರುತ್ತಿದ್ದ ಆ ಒಣಕೆಮ್ಮು ಬಿಟ್ಟಿತೋ, ಈಗಲೂ ಔಷಧಿ ಕುಡಿಯದೆ ಹಟ ಮಾಡುತ್ತೀಯೋ? ಅಳಿಯಂದಿರು ಕ್ಷೇಮವೇ? ನಾನು ಗಟ್ಟಿಯಾಗಿದ್ದೇನೆ. ನೀನು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ. ಹದಿನಾರು ವರ್ಷದ ಮೇಲೆ ಬರೆದ ಪತ್ರವೇ ಆರು ಸಾಲು, ಅದರಲ್ಲಿ ಅಮ್ಮನ ಮಂಡಿನೋವಿಗೆ ಜಾಗ ಎಲ್ಲಿಂದ ಬರಬೇಕು.

ನಿನ್ನ ಮಗಳಿಗೂ ನಿನ್ನಂತೆಯೇ ಕೆನ್ನೆಯ ಮೇಲೆ ಮಚ್ಚೆ, ಶಾಲೆಯಲ್ಲಿ ಆಡಿಕೊಳ್ಳುತ್ತಾರೆ, ಕನ್ನಡಿ ಕಂಡರೆ ಮುಖ ತಿರುಗಿಸುತ್ತಾಳೆ ಎಂದು ಬರೆದಿದ್ದೀಯ. ತನ್ನಮ್ಮನಿಗೂ ಇತ್ತು ಎಂದರೆ ನಂಬುವುದಿಲ್ಲವಂತೆ. ಹೇಗೆ ನಂಬುತ್ತಾಳೆ? ಮೊದಲ ಸಂಬಳ ಕೈಗೆ ಬಂದದ್ದೇ ಡಾಕ್ಟರ ಹತ್ತಿರ ಹೋಗಿ ತೆಗೆಸಿಕೊಂಡೆಯಂತಲ್ಲ. ನಾನು ಪೆನ್ಸಿಲಿನಲ್ಲಿ ತೆಗೆದದ್ದು ಮಹಾಪರಾಧ, ನೀನು ಡಾಕ್ಟರ ಕೈಯಲ್ಲಿ ತೆಗೆಸಿದ್ದು ನ್ಯಾಯ. ಇರಲಿ. ಮಚ್ಚೆ ಇರುವ ಒಂದೇ ಒಂದು ಹಳೆಯ ಫೋಟೋ ಕಳಿಸು ಎಂದು ಕೇಳಿದ್ದೀಯ, ಹುಡುಕಿದೆ. ಅಟ್ಟದ ಮೇಲಿನ ಫೋಟೋ, ಫಿಲ್ಮುಗಳ ಹನ್ನೊಂದು ಡಬ್ಬಿಗಳನ್ನೂ ಇಳಿಸಿ, ಈ ಮಂಡಿ ಇಟ್ಟುಕೊಂಡು ನೆಲದ ಮೇಲೆ ಕೂತು, ಒಂದೊಂದಾಗಿ ನೋಡಿದೆ. ತೊಟ್ಟಿಲಿನಲ್ಲಿರುವ ನೀನು, ಮೂರು ಗಾಲಿಯ ಸೈಕಲ್ ಮೇಲಿನ ನೀನು, ಹಲ್ಲು ಬಿದ್ದ ನೀನು. ಎಲ್ಲದರಲ್ಲೂ ಬಲಗೆನ್ನೆ ನುಣುಪು. ಒಂದೂ ಇಲ್ಲ.

ಫೋಟೋ ತೆಗೆಯುವುದು ನಿಮ್ಮಪ್ಪನ ಕೆಲಸ, ತಿದ್ದುವುದು ನನ್ನದು. ಫಿಲ್ಮನ್ನು ಓರೆ ಹಲಗೆಗಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಲ್ಲಿ ಚುಕ್ಕಿ ಚುಕ್ಕಿಯಾಗಿ ತುಂಬಬೇಕು. ಮುಖದ ಮೇಲೆ ಕಪ್ಪಗಿರುವುದು ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದೆ. ಅಷ್ಟನ್ನು ಮುಚ್ಚಿದರೆ ಪ್ರಿಂಟಿನಲ್ಲಿ ಮಚ್ಚೆ ಮಾಯ. ಬ್ಯಾಂಕಿನ ಮ್ಯಾನೇಜರು ಹೆಂಡತಿಯ ಫೋಟೋ ನೋಡಿ, "ಫೋಟೋ ಇಲ್ಲೇ ಇರಲಿ ತಾಯೀ, ಇದರಲ್ಲಿರುವವರನ್ನು ಮನೆಗೆ ಕಳಿಸಿಕೊಡಿ" ಎಂದಿದ್ದರು. ಅಂಥ ಕೈ ಇದು. ಊರಿನವರ ಮುಖವನ್ನೆಲ್ಲ ತಿದ್ದಿ, ಹೆತ್ತ ಮಗಳದ್ದನ್ನು ಮಾತ್ರ ಹಾಗೇ ಬಿಡಬೇಕಿತ್ತೇ?

ಪರೀಕ್ಷೆಯ ದಿನದ್ದನ್ನು ನೀನು ಇನ್ನೂ ಮರೆತಿಲ್ಲವೆಂದು ಗೊತ್ತು. ಪ್ರವೇಶಪತ್ರದ ಫೋಟೋದಲ್ಲಿ ಮಚ್ಚೆ ಇಲ್ಲ, ಮುಖದಲ್ಲಿದೆ ಎಂದು ಬಾಗಿಲಲ್ಲೇ ಮುಕ್ಕಾಲು ಗಂಟೆ ನಿಲ್ಲಿಸಿದರು. "ಅಕ್ಕನ ಬದಲು ಬರೆಯೋಕೆ ಬಂದಿದ್ದೀಯೇನಮ್ಮ?" ಎಂದು ಕೇಳಿದರಂತೆ. ಮನೆಗೆ ಬಂದು ನೀನು ಅಳಲೂ ಇಲ್ಲ. "ಅಮ್ಮಾ, ಈ ಮನೆಯ ಗೋಡೆ ಮೇಲಿರೋದು ಯಾರು? ಅವಳನ್ನೇ ಇಟ್ಕೋ" ಎಂದು ಪೆಟ್ಟಿಗೆ ಕಟ್ಟಿದೆ. ಇಟ್ಟುಕೊಂಡಿದ್ದೇನೆ. ದಿನಾ ಬೆಳಿಗ್ಗೆ ಅವಳ ಧೂಳು ಒರೆಸುತ್ತೇನೆ. ಅವಳು ಎದುರು ಮಾತಾಡುವುದಿಲ್ಲ.

ಮಗುವಿಗೆ ಹೇಳು, ಅಜ್ಜಿಯ ಹತ್ತಿರ ಅಂಥ ಫೋಟೋ ಇಲ್ಲವೆಂದು. ಕಾರಣವನ್ನೂ ಹೇಳು, ನನಗೇನೂ ಅಂಜಿಕೆಯಿಲ್ಲ. ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಮಗುವಿಗೆ ನೂರು ವರ್ಷ ಆಯುಸ್ಸಾಗಲಿ.

ಇಂತಿ, ನಿನ್ನನ್ನು ಹೆತ್ತ,
ಅಮ್ಮ

ತಾ.ಕ.: ಪತ್ರವನ್ನು ಅಂಚೆ ಪೆಟ್ಟಿಗೆಗೆ ಹಾಕದೆ ನಾಲ್ಕು ದಿನ ಇಟ್ಟುಕೊಂಡಿದ್ದೆ. ಫಿಲ್ಮಿನ ಮೇಲಿನ ಪೆನ್ಸಿಲ್ ಟರ್ಪೆಂಟೈನ್ ಹಚ್ಚಿದ ಹತ್ತಿಯಿಂದ ಒರೆಸಿದರೆ ಹೋಗುತ್ತದೆ. ಇದು ನಿನ್ನ ಪತ್ರ ಬಂದ ದಿನವೇ ನನಗೆ ಗೊತ್ತಿತ್ತು. ನಿನ್ನೆ ಸೈಕಲ್ ಮೇಲಿನದ್ದನ್ನು ಒರೆಸಿದೆ, ಈಗ ಸ್ಟುಡಿಯೋ ನೋಡಿಕೊಳ್ಳುವ ನಿನ್ನ ತಮ್ಮ ಪ್ರಿಂಟ್ ಹಾಕಿಕೊಟ್ಟ. ಮಚ್ಚೆ ಇದೆ. ಎಡಗೆನ್ನೆಯ ಮೇಲಿದೆ. ಅವನು ಫಿಲ್ಮನ್ನು ತಿರುಗಾಮುರುಗಾ ಇಟ್ಟನೆಂದು ಬೈದೆ. ಸೈಕಲ್ಲಿನ ಮೇಲೆ ಬರೆದಿರುವ ಅಕ್ಷರಗಳನ್ನು ಅವನು ಬೆರಳಿಟ್ಟು ತೋರಿಸಿದ, ಅವು ಸರಿಯಾಗಿಯೇ ಇವೆ. ಪೆನ್ಸಿಲ್ ಹಿಡಿಯುವ ಕಡೆಯಿಂದ ಫಿಲ್ಮ್ ನೋಡಿದರೆ ಎಡ ಬಲವಾಗುತ್ತದೆ. ನಾನು ನಿನ್ನ ಮುಖವನ್ನು ಅಲ್ಲಿಂದಲೇ ನೋಡಿದ್ದೆನೆಂದು ಕಾಣುತ್ತದೆ. ಫೋಟೋ ಇದರ ಜೊತೆಗಿದೆ. ಮಗುವಿಗೆ ಕೊಡು.