ಮುಂದಿನ ಎರಡು ಚಕ್ರಗಳು

ಮಾರ್ಚ್ 2, 1957. ಶನಿವಾರ

ಆಫೀಸು ಅರ್ಧ ದಿನ. ಚೋರ್ ಬಜಾರಿಗೆ ಹೋದೆ. ಕೆಂಪು ಆಟಿಕೆ ಟ್ರ್ಯಾಕ್ಟರ್ ಸಿಕ್ಕಿತು, ಇಂಗ್ಲೆಂಡಿನ ಎರಕದ್ದು. ಸ್ಟೀರಿಂಗ್ ಮುರಿದಿದೆ, ಚಕ್ರ ನಾಲ್ಕೂ ಅಸಲಿ. ಮನೆಯಲ್ಲಿರುವ ತಗಡಿನದು ಕೀ ಕೊಟ್ಟರೆ ಓಡುತ್ತದೆ, ಆದರೆ ಅಂಚು ಒರಟು, ಬಣ್ಣ ಬೇಗ ಏಳುತ್ತದೆ. ಓಟಕ್ಕೆ ತಗಡು, ಬಾಳಿಕೆಗೆ ಎರಕ. ಅಮ್ಮನಿಗೆ ಎರಡೂ ಒಂದೇ.

"ಮದುವೆ ವಯಸ್ಸು ಮೀರ್ತಾ ಬಂತು ಶೀಲಾ, ಇನ್ನೂ ಆಟದ ಸಾಮಾನಾ? ನಾಳೆ ಹುಡುಗನ ಕಡೆಯವರು ಬರುವಾಗ ಇದೆಲ್ಲ ಮಂಚದ ಅಡಿಗೆ ಹಾಕು."

ಮಾರ್ಚ್ 3. ಭಾನುವಾರ

ಹಾಕಲಿಲ್ಲ.

ಹುಡುಗ ಸದಾನಂದ. ಕಾಂದಿವಲಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ನನ್ನ ಹುಚ್ಚು ಯಾರೋ ಹೇಳಿದ್ದರಂತೆ. ಶೀರಾ ಮುಟ್ಟುವ ಮೊದಲೇ ಕರವಸ್ತ್ರ ಬಿಚ್ಚಿ ತನ್ನದೊಂದು ಟ್ರ್ಯಾಕ್ಟರ್ ಮೇಜಿನ ಮೇಲಿಟ್ಟ. "ಹೇಗುಂಟು, ನೋಡಿ."

ನನ್ನ ಕೆಂಪಿನದರ ಜೋಡಿಯೇ. ಬಣ್ಣ ಕಂಪನಿಯದು. ತಿರುಗಿಸಿ ನೋಡಿದೆ. "ಮುಂದಿನ ಚಕ್ರ ಬೇರೆ ಯಾವುದರದ್ದೋ. ಇದಕ್ಕೆ ಬೆಲೆ ಬರುದಿಲ್ಲ."

"ಹೌದು," ಎಂದ. ಮೆಲ್ಲಗೆ ಸುತ್ತಿ ಜೇಬಿಗಿಟ್ಟ. ಆತನ ತಾಯಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಮಾರ್ಚ್ 11. ಸೋಮವಾರ

ಅವರಿಂದ ಸುದ್ದಿ ಇಲ್ಲ. ಅಪ್ಪ ಪರೇಲಿನ ಹೋಟೆಲಿನಿಂದ ಬಂದೊಡನೆ ಅಮ್ಮನ ಮುಖ ನೋಡುತ್ತಾರೆ. ಅಷ್ಟೇ.

ಹೇಳಿದ್ದು ನಿಜವೇ. ಬೆಲೆಯ ಮಾತು ಮಾತ್ರ ಬೇಡವಿತ್ತು... ಕೆಂಪಿನದರ ಮುಂದಿನ ಚಕ್ರ ಎರಡೂ ಬಿಚ್ಚಿದೆ. ಆತನದಕ್ಕೆ ಕೂಡುತ್ತವೆ.

ಮಾರ್ಚ್ 16. ಶನಿವಾರ

ಕಾಂದಿವಲಿ. ವರ್ಕ್‌ಶಾಪಿನ ಗೇಟಿನಲ್ಲಿ ಕಾದು ಸದಾನಂದನಿಗೆ ಚಕ್ರಗಳ ಪೊಟ್ಟಣ ಕೊಟ್ಟೆ. ಬಿಚ್ಚಿ ನೋಡಿ ಹಿಂದಕ್ಕೆ ಕೊಟ್ಟ.

"ಬೇಡ. ಆ ಚಕ್ರ ನಮ್ಮಣ್ಣ ಕೂಡಿಸಿದ್ದು. ನಾನು ಜ್ವರದಲ್ಲಿ ಮಲಗಿದ್ದಾಗ, ಹಾಸಿಗೆಯಲ್ಲೇ ಆಡ್ಲಿ ಅಂತ. ಅವ ಈಗ ಇಲ್ಲ."

"ಗೊತ್ತಿರ್ಲಿಲ್ಲ," ಎಂದೆ.

"ನಾನು ಹೇಳ್ಲೇ ಇಲ್ಲ ಅಲ್ವಾ? ಬೆಲೆ ಕೇಳ್ಲಿಕ್ಕೆ ತಂದದ್ದಲ್ಲ. ನಿಮಗೆ ತೋರಿಸ್ಬೇಕು ಅಂತ ಇತ್ತು. ಅಮ್ಮನಿಗೆ ಬೇಸರ ಉಂಟು, ನನಗಿಲ್ಲ. ನೀವು ಸುಳ್ಳು ಹೊಗಳ್ಲಿಲ್ಲ."

ಸ್ಟೇಷನ್ನಿನಲ್ಲಿ ಮಾತಾಡುತ್ತ ನಿಂತೆವು. ಬಂದ ಲೋಕಲ್ ಹತ್ತಲಿಲ್ಲ. ಅದರ ಹಿಂದೆ ಬಂದದ್ದನ್ನೂ.

ಮಾರ್ಚ್ 17. ಭಾನುವಾರ

ಆತನ ತಾಯಿ ಒಬ್ಬರೇ ಬಂದಿದ್ದಾರೆ. ಹೊರಗೆ ಅಮ್ಮನ ಜೊತೆ ಮಾತು. ಈಗ ಅಪ್ಪ ಬಾಗಿಲಲ್ಲಿ: "ಶೀಲಾ, ಬಾ. ಒಪ್ಪಿಗೆ ಉಂಟಾ ಅಂತ ಹುಡುಗಿ ಬಾಯಿಂದ್ಲೇ ಕೇಳಿ ಬನ್ನಿ ಅಂತ ಮಗ ಹೇಳಿ ಕಳಿಸಿದ್ದಾನಂತೆ."

ಸೀರೆ ಬದಲಿಸಲೇ? ಬೇಡ, ಇದೇ ಸಾಕು. ಹೋಗಿ ಹೂಂ ಎಂದು ಬಂದು ಉಳಿದದ್ದು ಬರೆ—