ಚಿಲ್ಲರೆ ಖರ್ಚು

ಲಾಂಡ್ರಿಯ ಹಿಂದಿನ ಕೋಣೆ
ಎರಡನೆಯ ತಾರೀಖು, ಭಾನುವಾರ

ಪ್ರೀತಿಯ ತಂಗೀ,

ಹೇಗಿದ್ದೀಯ? ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸ್ವಲ್ಪವಾದರೂ ಹಗುರವಾಯಿತೇ? ಕೆಮ್ಮು ನಿಂತಿತೇ? ಒದ್ದೆ ತಲೆಯಲ್ಲಿ ಕೆಲಸಕ್ಕೆ ಹೋಗಬೇಡ ಅಂತ ಎಷ್ಟು ಸಲ ಬರೆದೆನೋ, ನೀನು ಕೇಳುವವಳಲ್ಲ ಅಂತಲೂ ಗೊತ್ತು. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ, ಮೈಗೇನೂ ಆಗಿಲ್ಲ. ಅರ್ಧಕ್ಕೇ ಶಾಲೆ ಬಿಟ್ಟವನು ನಾನು, ಬರೆಯುವುದರಲ್ಲಿ ಹಿಂದುಮುಂದಾದರೆ ನೀನೇ ಸರಿಮಾಡಿಕೊಂಡು ಓದು.

ನಮ್ಮ ಸಂಬಳದ ದಿನದ ಕೂಟದ ಬಗ್ಗೆ ಬರೆದಿದ್ದೆನಲ್ಲ. ಮೆಷಿನ್ ನಿಲ್ಲಿಸಿದ ಮೇಲೆ ಒಗೆಯುವ ನಾನು, ವ್ಯಾನಿನ ಡ್ರೈವರ್, ಹರಿದ ಬಟ್ಟೆಗೆ ತೇಪೆ ಹಾಕುವ, ನಾವು ಕತ್ತರಿ ಅಂತ ಕರೆಯುವ ದರ್ಜಿ, ಇಸ್ತ್ರಿಯಣ್ಣ, ಎಲ್ಲರೂ ಬಟ್ಟೆ ಗಂಟುಗಳ ಮೇಲೆ ಕೂತು ಒಬ್ಬೊಬ್ಬರಾಗಿ ತಿಂಗಳ ಖರ್ಚನ್ನು ಬಾಯಿಬಿಟ್ಟು ಹೇಳುತ್ತೇವೆ. ದಂಡ ಅನ್ನಿಸಿದ್ದನ್ನು ಉಳಿದವರು ಸೇರಿ ಹೊಡೆದುಹಾಕುತ್ತೇವೆ. ಹೆಸರಿಲ್ಲದ ಖರ್ಚು ಕೂಡದು ಎಂಬುದು ಕತ್ತರಿಯ ಕಾನೂನು. ಒಪ್ಪಿದ ಮೇಲೆ ಮಾತು ತಪ್ಪುವಂತಿಲ್ಲ. ಡ್ರೈವರ್ ಸಿಗರೇಟು ಬಿಟ್ಟದ್ದು ಹಾಗೆಯೇ. "ಇವನ ಮುಖಕ್ಕೆ ಲಾಟರಿ ಬೇರೆ ಕೇಡು" ಅನ್ನಿಸಿಕೊಂಡು ನಾನು ಲಾಟರಿ ಬಿಟ್ಟದ್ದೂ ಹಾಗೆಯೇ.

ಇಸ್ತ್ರಿಯಣ್ಣನಿಗೆ ಹೆಂಡತಿಗೊಂದು ಹೊಲಿಗೆ ಮೆಷಿನ್ ಕೊಡಿಸುವ ಆಸೆ. ಎಷ್ಟು ಹಿಂಡಿದರೂ ಅವನ ಸಂಬಳದಲ್ಲಿ ಏನೂ ಉಳಿಯುತ್ತಿರಲಿಲ್ಲ. ಕೆಲವು ತಿಂಗಳ ಹಿಂದೆ ಅವನ ಸರದಿ ಬಂದಾಗ ಬಾಡಿಗೆ, ದಿನಸಿ, ಮಗಳ ಫೀಸು ಎಲ್ಲ ಹೇಳಿ ಕೊನೆಗೆ ತಗ್ಗಿದ ದನಿಯಲ್ಲಿ "ಚಿಲ್ಲರೆ ಖರ್ಚು" ಅಂದ. ಹೆಸರಿಗೆ ಚಿಲ್ಲರೆ, ಮೊತ್ತ ಸಣ್ಣದಲ್ಲ. ಕತ್ತರಿ ಬಿಡುತ್ತಾನೆಯೇ? "ಏನಪ್ಪಾ ಅದು ಚಿಲ್ಲರೆ? ಎರಡನೇ ಸಂಸಾರನಾ?" ಅಂದ. ನಾವು ಬಿದ್ದು ಬಿದ್ದು ನಕ್ಕೆವು. ಅವನೂ ನಕ್ಕ, ಕಿವಿ ಮಾತ್ರ ಕೆಂಪಾಗಿತ್ತು. "ಹೋಗ್ಲಿ ಬಿಡ್ರಪ್ಪಾ, ಹೊಡೆದುಹಾಕಿ" ಅಂದ. ಮುಂದಿನ ಸಂಬಳಕ್ಕೆ "ಮಾತು ಉಳಿಸ್ಕೊಂಡೆ ಕಣ್ರೋ" ಅಂತ ಎದೆಯುಬ್ಬಿಸಿ ಹೇಳಿದಾಗ ನಾವು ಚಪ್ಪಾಳೆ ತಟ್ಟಿದೆವು, ತಂಗೀ.

ಹೋದ ಮಂಗಳವಾರ ಬಟ್ಟೆ ಒತ್ತುವ ಬಿಸಿ ಪ್ರೆಸ್ಸಿನ ಮುಂದಿದ್ದ ಇಸ್ತ್ರಿಯಣ್ಣ ನಿಂತ ಹಾಗೇ ಸೆಟೆದುಕೊಂಡ. ಬಾಯಲ್ಲಿ ನೊರೆ. ಬಲಗೈ ಪ್ರೆಸ್ಸಿನೊಳಗೇ ಸಿಕ್ಕಿಕೊಂಡಿತು. ನಾನು ಓಡಿ ಮುಚ್ಚಳ ಎತ್ತುವಷ್ಟರಲ್ಲಿ ಆಗಬಾರದ್ದೆಲ್ಲ ಆಗಿಹೋಗಿತ್ತು. ಅದನ್ನು ಬರೆಯಲಾರೆ. ಜೀವ ಉಳಿದಿದೆ, ಬೆರಳುಗಳು ಉಳಿಯಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನ ಹೆಂಡತಿ ಹೇಳಿದಳು. ಚಿಕ್ಕಂದಿನಿಂದಲೂ ಫಿಟ್ಸ್ ಇತ್ತಂತೆ, ಮಾತ್ರೆ ತಪ್ಪಿಸದಿದ್ದರೆ ಹತ್ತಿರ ಸುಳಿಯುತ್ತಿರಲಿಲ್ಲವಂತೆ. ಗೊತ್ತಾದರೆ ಮಾಲೀಕರು ಪ್ರೆಸ್ಸಿನ ಬಳಿ ಬಿಟ್ಟುಕೊಳ್ಳುವುದಿಲ್ಲವೆಂದು ಯಾರಿಗೂ ಹೇಳಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. "ಮಾತ್ರೆ ಬಿಡಬೇಡಿ ಅಂತ ಕಾಲಿಗೆ ಬಿದ್ದೆ ಅಣ್ಣಾ. 'ಗೆಳೆಯರ ಮುಂದೆ ಒಪ್ಕೊಂಡ್ಬಿಟ್ಟಿದೀನಿ ಕಣೇ, ಮೆಷಿನ್ ಬರ್ಲಿ, ಆಮೇಲೆ ನೋಡೋಣ' ಅಂದ್ರು" ಅಂದಳು. ಕತ್ತರಿ ಗೋಡೆಯ ಕಡೆ ತಿರುಗಿ ನಿಂತ. ಡ್ರೈವರ್ ಹೊರಗೆ ಹೋಗಿ ಸಿಗರೇಟು ಹಚ್ಚಿದ.

ಮಾಲೀಕರು ಅವನ ಜಾಗಕ್ಕೆ ಬೇರೆಯವನನ್ನು ತಂದಿದ್ದಾರೆ. ನಿನ್ನೆ ಸಂಬಳವಾಯಿತು. ಕೈಲಾದಷ್ಟನ್ನು ಅವಳ ಕೈಗಿಟ್ಟು ಬಂದು, ರೂಢಿ ಬಿಡದೆ ಗಂಟುಗಳ ಮೇಲೆ ಕೂತೆವು. ಖರ್ಚಿನ ಲೆಕ್ಕ ಎತ್ತದೆ, ಕತ್ತಲಾಗುವ ಮೊದಲೇ ಎದ್ದು ಹೋದೆವು. ನನಗೆ ಅನ್ನ ಸೇರುತ್ತಿಲ್ಲ. ಒಗೆಯುವ ಮೆಷಿನ್ನಿನ ಸದ್ದಿನಲ್ಲೂ ಆ ಚಪ್ಪಾಳೆಯೇ ಕೇಳುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೋಣೆಯ ಹುಡುಗಿಯನ್ನು ಕೇಳಿದೆನೆಂದು ಹೇಳು. ನೀನು ಚೆನ್ನಾಗಿದ್ದರೆ ನನಗಷ್ಟೇ ಸಾಕು.

ನಿನ್ನ ಅಣ್ಣ

ತಾ.ಕ.: ಅಂಚೆಗೆ ಹಾಕಲು ಹೊರಟವನು ಅರ್ಧ ದಾರಿಯಿಂದ ತಿರುಗಿ ಬಂದೆ. ಹೋದ ತಿಂಗಳು ನೀನು ನಿನ್ನ ಖರ್ಚು ಬರೆದು ಕಳಿಸಿದಾಗ ಕೊನೆಯಲ್ಲಿ "ಇತರೆ" ಅಂತ ಹಾಕಿದ್ದೆ. ಹೆಸರಿಲ್ಲದ ಖರ್ಚು ನಿಲ್ಲಿಸು ಅಂತ ನಾನು ದೊಡ್ಡ ಮನುಷ್ಯನ ಹಾಗೆ ಉತ್ತರ ಬರೆದೆ. "ಆಯ್ತಣ್ಣಾ, ನಿಲ್ಲಿಸಿದೆ" ಅಂತ ನೀನೂ ಬರೆದೆ. ಏನಮ್ಮಾ ಅದು? ಆ ಕೆಮ್ಮಿನದೇ? ಹೇಳಲು ಮನಸ್ಸಿಲ್ಲದಿದ್ದರೆ ಹೇಳಬೇಡ, ನಾನು ಕೇಳುವುದಿಲ್ಲ. ಈ ಕಾಗದ ಸಿಕ್ಕ ದಿನವೇ ಮತ್ತೆ ಶುರು ಮಾಡು. ದುಡ್ಡು ಇದರೊಳಗೇ ಇಟ್ಟಿದ್ದೇನೆ.